ಅಡಿಯಲ್ಲಿ ಯಾರ ಹೆಸರಿದೆ, ಮೊದಲು ಅದನ್ನು ನೋಡಿ!

ಕನ್ನಡದ ತಮ್ಮಂದಿರೇ, ತಂಗಿಯರೇ,

ನಾನು ಸಾಹಿತಿಯಲ್ಲ, ಪತ್ರಕರ್ತನೂ ಅಲ್ಲ. ಪಿಯುಸಿ ಮುಗಿಸಿ ಅಪ್ಪನ ಟ್ರೆಡಲ್ ಮೆಷಿನ್ನಿನ ಮುಂದೆ ನಿಂತವನು. ಇವತ್ತು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಆಫ್‌ಸೆಟ್ ಪ್ರೆಸ್ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ, ರಾಜ್ಯೋತ್ಸವದ ಆಹ್ವಾನ ಪತ್ರಿಕೆ, ಇವೇ ನನ್ನ ಅನ್ನ. ಬೇರೆಯವರ ಮಾತನ್ನು ಕಾಗದಕ್ಕೆ ಇಳಿಸುವುದರಲ್ಲೇ ಕೂದಲು ಬೆಳ್ಳಗಾದವನಿಗೆ ಒಂದೇ ಒಂದು ವಿಷಯ ಚೆನ್ನಾಗಿ ಗೊತ್ತು. ಅದನ್ನು ಹೇಳಲು ಈ ಜಾಗ ಕೇಳಿ ಪಡೆದಿದ್ದೇನೆ.

ಕೆಲವು ತಿಂಗಳ ಹಿಂದೆ ಒಬ್ಬಳು ಹುಡುಗಿ ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗ್ ಮಾಡಿಸಲು ಬಂದಳು. ತುಮಕೂರು ಕಡೆಯವಳು, ಹಾಸ್ಟೆಲ್ಲಿನಲ್ಲಿದ್ದುಕೊಂಡು ಪತ್ರಿಕೋದ್ಯಮ ಓದುತ್ತಿದ್ದಳು. ಗೋಂದು ಒಣಗುವವರೆಗೆ ಕೂತಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು:

"ಸಾರ್, ನನಗೆ ಎರಡು ಕಡೆ ಕೆಲಸ ಸಿಗೋ ಹಾಗಿದೆ. ಒಂದು ಕನ್ನಡ ಪೇಪರ್‌ನಲ್ಲಿ ಟ್ರೈನಿ. ಇನ್ನೊಂದು ಪಿಆರ್ ಏಜೆನ್ಸಿ, ಸಂಬಳ ಡಬಲ್. ನಮ್ಮಪ್ಪ ಸೊಸೈಟೀಲಿ ಸಾಲ ಮಾಡಿ ಓದಿಸಿದಾರೆ. ಪಿಆರ್‌ಗೆ ಹೋಗ್ತೀನಿ ಅಂದ್ರೆ ಕ್ಲಾಸಿನವರು, ಸುಳ್ಳು ಹೇಳೋ ಕೆಲಸಕ್ಕೆ ಹೋಗ್ತೀಯಾ ಅಂತಾರೆ. ಹೌದಾ ಸಾರ್, ಅದು ಸುಳ್ಳು ಹೇಳೋ ಕೆಲಸಾನಾ?"

ನಾನು ಏನು ಹೇಳಲಿ? "ಕೂತ್ಕೊಮ್ಮ, ಟೀ ತರಿಸ್ತೀನಿ" ಎಂದೆ. ಉತ್ತರ ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಅವಳ ಮುಂದೆ ಒಪ್ಪಿಕೊಳ್ಳಬೇಕಿತ್ತು. ಈಗ ನಿಮ್ಮ ಮುಂದೆಯೂ ಒಪ್ಪಿಕೊಳ್ಳುತ್ತೇನೆ.

2008ರ ಮಾತು. ಹೊಸದಾಗಿ ಆಫ್‌ಸೆಟ್ ಮೆಷಿನ್ ತಂದಿದ್ದೆ. ಬ್ಯಾಂಕಿನ ಕಂತು ಕುತ್ತಿಗೆಗೆ ಬಂದಿತ್ತು. ಒಬ್ಬ ಮನುಷ್ಯ ಬಂದು ಐದು ಸಾವಿರ ಕರಪತ್ರ ಬೇಕೆಂದ. ಬಡಾವಣೆಯೊಂದರ ಮೂಲೆಯಲ್ಲಿದ್ದ ಸಣ್ಣ ತಿಂಡಿ ಹೋಟೆಲಿನ ವಿರುದ್ಧದ ಕರಪತ್ರ. ಅಲ್ಲಿ ತಿಂದ ಮಕ್ಕಳು ಆಸ್ಪತ್ರೆ ಸೇರಿದ್ದಾರೆ, ಎಣ್ಣೆ ಕಲಬೆರಕೆ, ನೀರು ಕೊಳಕು, ಹೀಗೆಲ್ಲ ಇತ್ತು. ಅಡಿಯಲ್ಲಿ "ನೊಂದ ನಾಗರಿಕರು" ಎಂದಿತ್ತು. ಪ್ರೆಸ್ಸಿನ ಹೆಸರು ಹಾಕಬೇಡಿ, ರೇಟು ಡಬಲ್ ಕೊಡುತ್ತೇನೆ ಎಂದ. ಹಾಕಲಿಲ್ಲ. ದುಡ್ಡು ಎಣಿಸಿಕೊಂಡೆ. ಭಾನುವಾರ ಬೆಳಿಗ್ಗೆ ಪೇಪರ್ ಹುಡುಗರ ಕೈಯಿಂದ ಅದು ಮನೆಮನೆಗೆ ಹೋಯಿತು.

ಮೂರು ತಿಂಗಳಲ್ಲಿ ಹೋಟೆಲಿಗೆ ಬೀಗ ಬಿತ್ತು. ಆಮೇಲೆ ತಿಳಿಯಿತು, ಯಾವ ಮಗುವೂ ಆಸ್ಪತ್ರೆ ಸೇರಿರಲಿಲ್ಲ. "ನೊಂದ ನಾಗರಿಕರು" ಎಂದರೆ ಆ ಮೂಲೆ ಅಂಗಡಿಯ ಮೇಲೆ ಕಣ್ಣಿಟ್ಟಿದ್ದ ಒಬ್ಬನೇ ಒಬ್ಬ!

ಎರಡು ವರ್ಷ ಬಿಟ್ಟು ಆ ಹೋಟೆಲಿನ ಯಜಮಾನರು ನನ್ನ ಪ್ರೆಸ್ಸಿಗೇ ಬಂದರು, ಮಗಳ ಲಗ್ನಪತ್ರಿಕೆ ಮಾಡಿಸಲು. ನಾನ್ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಮುನ್ನೂರು ಕಾರ್ಡಿಗೆ ಚೌಕಾಸಿ ಮಾಡಿದರು. ಈಗ ಇನ್ನೊಬ್ಬರ ಹೋಟೆಲಿನಲ್ಲಿ ಅಡುಗೆಗೆ ನಿಂತಿದ್ದೇನೆ, ಸ್ವಲ್ಪ ನೋಡಿ ಹಾಕಿ ಎಂದರು. ನನಗೆ ದುಡ್ಡು ತೆಗೆದುಕೊಳ್ಳಲಾಗಲಿಲ್ಲ. ಯಾಕೆ ಎಂದು ಕೇಳಿದರು, ಹೇಳಲಾಗಲಿಲ್ಲ. ಇವತ್ತಿಗೂ ಹೇಳಿಲ್ಲ. ಆ ಲಗ್ನಪತ್ರಿಕೆಯ ಹಿಂದೆ ಮಾತ್ರ ಎಂದಿನಂತೆ ನನ್ನ ಪ್ರೆಸ್ಸಿನ ಹೆಸರಿತ್ತು.

ನಾನು ಅವತ್ತು ಪತ್ರಕರ್ತನಾಗಿರಲಿಲ್ಲ, ಪಿಆರ್‌ನವನೂ ಆಗಿರಲಿಲ್ಲ. ಆದರೂ ಒಂದು ಸಂಸಾರವನ್ನು ಬೀದಿಗೆ ತಂದೆ. ಹೇಗೆ? ಅಡಿಯಲ್ಲಿ ಇರಬೇಕಾಗಿದ್ದ ಹೆಸರನ್ನು ತೆಗೆದೆ, ಅಷ್ಟೇ.

ಆ ಹೆಸರಿನ ಸಾಲು ಸುಮ್ಮನೆ ಬಂದದ್ದಲ್ಲ. ಅಚ್ಚಾದ ಕಾಗದದ ಮೇಲೆ ಮುದ್ರಕ ಯಾರು, ಎಲ್ಲಿ ಮುದ್ರಣವಾಯಿತು ಎಂದು ಇರಲೇಬೇಕೆಂದು 1867ರಲ್ಲೇ ಬ್ರಿಟಿಷರು ಕಾಯ್ದೆ ಮಾಡಿದ್ದರು. ಅವರು ಮಾಡಿದ್ದು ನಮ್ಮವರ ಮೇಲೆ ಕಣ್ಣಿಡಲು, ಬಿಡಿ. 2024ರ ಮಾರ್ಚ್ 1ರಿಂದ ಆ ಕಾಯ್ದೆ ಹೋಗಿ, ನಿಯತಕಾಲಿಕಗಳ ನೋಂದಣಿಗೆ 2023ರ ಹೊಸ ಕಾಯ್ದೆ ಬಂದಿದೆ. ಚುನಾವಣೆ ಕರಪತ್ರಕ್ಕೆ ಬೇರೆಯೇ ಕಟ್ಟಳೆಯಿದೆ. 1951ರ ಜನಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಮುದ್ರಕ, ಪ್ರಕಾಶಕ ಇಬ್ಬರ ಹೆಸರು, ವಿಳಾಸ ಇರಬೇಕು. ಪ್ರಕಾಶಕ ತಾನು ಯಾರೆಂದು ಸಹಿ ಹಾಕಿಕೊಡಬೇಕು. ಅವನನ್ನು ಖುದ್ದಾಗಿ ಬಲ್ಲ ಇಬ್ಬರು ಅದಕ್ಕೆ ಸಾಕ್ಷಿ ಹಾಕಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದರ ಅರ್ಥ ಇಷ್ಟೇ: ಹೇಳುವುದನ್ನು ಹೇಳು, ಆದರೆ ಹೇಳುತ್ತಿರುವವನು ನೀನೇ ಎಂದು ಹೇಳು!

ಇದನ್ನೇ ನಾನು ಆ ಹುಡುಗಿಗೆ ಹೇಳಿದ್ದು. ಪಿಆರ್ ಎಂದರೆ ಸುಳ್ಳು ಹೇಳುವ ಕೆಲಸವಲ್ಲ ಕಣಮ್ಮ. 2020ರ ಕೊರೊನಾ ಕಾಲದಲ್ಲಿ ನಮ್ಮ ಆರೋಗ್ಯ ಇಲಾಖೆ ದಿನವೂ ಬುಲೆಟಿನ್ ಕೊಡುತ್ತಿತ್ತಲ್ಲ, ಅದೂ ಸಾರ್ವಜನಿಕ ಸಂಪರ್ಕವೇ. ನಾಳೆ ನಿಮ್ಮ ಏರಿಯಾಗೆ ಕಾವೇರಿ ನೀರು ಬರಲ್ಲ ಎಂದು ಜಲಮಂಡಳಿ ತಿಳಿಸುವುದೂ ಅದೇ. ಇಲಾಖೆಯ ಹೆಸರಲ್ಲಿ ಇಲಾಖೆ ಮಾತಾಡುತ್ತದೆ. ಅದರಲ್ಲೇನು ತಪ್ಪು?

ಅಮೆರಿಕದಲ್ಲಿ ಈ ಕಸುಬು ಕಟ್ಟಿದವರಲ್ಲಿ ಐವಿ ಲೀ ಎಂಬಾತ ಮೊದಲಿಗ. 1906ರಲ್ಲೇ ಪತ್ರಿಕೆಗಳಿಗೆ ಒಂದು ಘೋಷಣೆ ಕಳಿಸಿದ. ನಮ್ಮ ಕೆಲಸವೆಲ್ಲ ಬಹಿರಂಗ, ಯಾರ ಪರವಾಗಿ ಸುದ್ದಿ ಕೊಡುತ್ತಿದ್ದೇವೆಂದು ಮುಚ್ಚಿಡುವುದಿಲ್ಲ, ಬೇಕಾದರೆ ಪರೀಕ್ಷಿಸಿಕೊಳ್ಳಿ ಎಂಬುದು ಅದರ ಸಾರಾಂಶ. ಭಲೇ! ಆದರೆ 1914ರಲ್ಲಿ ಕೊಲರಾಡೊದ ಲಡ್ಲೋದಲ್ಲಿ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರ ಡೇರೆಗಳಿಗೆ ಬೆಂಕಿ ಬಿತ್ತು. ಹೆಂಗಸರು, ಮಕ್ಕಳು ಸತ್ತರು. ಗಣಿಯ ಒಡೆಯ ರಾಕ್‌ಫೆಲರ್ ಪರವಾಗಿ ಇದೇ ಲೀ ಹೊರಡಿಸಿದ ಬುಲೆಟಿನ್ನುಗಳಲ್ಲಿ ತಪ್ಪು ಸಂಗತಿಗಳು ತುಂಬಿದ್ದವು. ಅಪ್ಟನ್ ಸಿಂಕ್ಲೇರ್ ಎಂಬ ಲೇಖಕ ಅವನಿಗೆ "ಪಾಯಿಸನ್ ಐವಿ" ಎಂದೇ ಹೆಸರಿಟ್ಟ. ಹೆಸರು ಹಾಕಿದರೆ ಸಾಲದು, ಒಳಗಿನ ಸಂಗತಿಯೂ ನಿಜವಿರಬೇಕು ಎಂಬುದಕ್ಕೆ ಅವನೇ ಸಾಕ್ಷಿ.

ಇನ್ನೊಂದು ನೋಡಿ. 1954ರ ಜನವರಿ 4ರಂದು ಅಮೆರಿಕದ 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಸಿಗರೇಟು ಕಂಪನಿಗಳ ಒಂದು ಜಾಹೀರಾತು ಬಂತು. ಹಿಲ್ ಅಂಡ್ ನೋಲ್ಟನ್ ಎಂಬ ಪಿಆರ್ ಸಂಸ್ಥೆಯ ಕೆಲಸ ಅದು. ಜನರ ಆರೋಗ್ಯವೇ ನಮಗೆ ಮುಖ್ಯ, ಸಿಗರೇಟು ಹಾನಿಕರವೆಂದು ನಾವು ನಂಬುವುದಿಲ್ಲ, ಆದರೂ ಸಂಶೋಧನೆಗೆ ಹಣ ಕೊಡುತ್ತೇವೆ ಎಂದು ಅದರಲ್ಲಿತ್ತು. ಅಡಿಯಲ್ಲಿ ಕಂಪನಿಗಳ ಹೆಸರೂ ಇತ್ತು! ಈ ಕಂಪನಿಗಳು ದಶಕಗಳ ಕಾಲ ಜನರಿಗೆ ಮೋಸ ಮಾಡಿದವು ಎಂದು ಅಲ್ಲಿನ ಫೆಡರಲ್ ನ್ಯಾಯಾಧೀಶೆ ತೀರ್ಪು ಕೊಡುವಾಗ 2006 ಆಗಿತ್ತು. ಅಷ್ಟರೊಳಗೆ ಎಷ್ಟು ಜನರ ಶ್ವಾಸಕೋಶ ಸುಟ್ಟಿತೋ!

ಹಾಗಾದರೆ ಪ್ರಾಮಾಣಿಕವಾಗಿದ್ದರೆ ಕಂಪನಿ ಮುಳುಗುತ್ತದೆಯೇ? 1982ರಲ್ಲಿ ಶಿಕಾಗೋ ಸುತ್ತಮುತ್ತ ಟೈಲೆನಾಲ್ ಎಂಬ ನೋವಿನ ಮಾತ್ರೆ ನುಂಗಿ ಏಳು ಜನ ಸತ್ತರು. ಯಾರೋ ಅಂಗಡಿಯಲ್ಲಿದ್ದ ಬಾಟಲಿಗಳಿಗೆ ಸೈನೈಡ್ ಬೆರೆಸಿದ್ದರು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ನಮ್ಮ ತಪ್ಪಲ್ಲ ಎಂದು ಕೈತೊಳೆದುಕೊಳ್ಳಬಹುದಿತ್ತು. ಬದಲಿಗೆ, ನಮ್ಮ ಮಾತ್ರೆ ನುಂಗಬೇಡಿ ಎಂದು ತಾನೇ ಸಾರಿತು. ಸುಮಾರು 3 ಕೋಟಿ 10 ಲಕ್ಷ ಬಾಟಲಿಗಳನ್ನು ವಾಪಸು ತರಿಸಿತು. ಬಿಚ್ಚಿದರೆ ಗೊತ್ತಾಗುವಂಥ ಸೀಲ್ ಹಾಕಿ ಮತ್ತೆ ಮಾರಿದಾಗ ಜನ ಕೊಂಡರು. ಅದೇ ಕಂಪನಿ ಮುಂದೆ ಬೇರೆ ವಿಷಯಗಳಲ್ಲಿ ಕೋರ್ಟು ಹತ್ತಿದ್ದು ಬೇರೆ ಮಾತು. ಆದರೆ 1982ರ ಆ ಪಾಠವನ್ನು ಪಿಆರ್ ತರಗತಿಗಳಲ್ಲಿ ಇವತ್ತಿಗೂ ಹೇಳಿಕೊಡುತ್ತಾರೆ.

ಸುಳ್ಳಿಗೆ ನಿಂತವರು ಏನಾದರು? ಲಂಡನ್ನಿನ ಬೆಲ್ ಪಾಟಿಂಜರ್ ದೊಡ್ಡ ಪಿಆರ್ ಸಂಸ್ಥೆ. ನಮ್ಮ ಸಹಾರನ್‌ಪುರದಿಂದ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಸಾಹುಕಾರರಾದ ಗುಪ್ತಾ ಸಹೋದರರ ಕಂಪನಿಗಾಗಿ ಅಲ್ಲಿ ಪ್ರಚಾರ ನಡೆಸಿತು. ಹೊರಗೆ ಬಡವರ ಆರ್ಥಿಕ ಬಿಡುಗಡೆಯ ಮಾತು, ಹಿಂದೆ ಗುಪ್ತಾಗಳ ದುಡ್ಡು. ಕರಿಯ-ಬಿಳಿಯರ ಹಳೆಯ ಗಾಯ ಕೆರೆಯುವ ಪ್ರಚಾರ ಇದು ಎಂದು ದೂರು ಹೋಯಿತು. 2017ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಪಿಆರ್ ಸಂಘವೇ ಅದನ್ನು ಹೊರಗೆ ಹಾಕಿತು. ಕೆಲವೇ ದಿನಗಳಲ್ಲಿ ಸಂಸ್ಥೆ ದಿವಾಳಿ. ನನ್ನ ಕರಪತ್ರದ "ನೊಂದ ನಾಗರಿಕರು" ನೆನಪಾದರಲ್ಲವೇ? ಅದೇ ಆಟ, ಊರು ಮಾತ್ರ ದೊಡ್ಡದು.

ಹಾಗಂತ ಪತ್ರಿಕೆಗೆ ಸೇರಿದವರೆಲ್ಲ ಹರಿಶ್ಚಂದ್ರರೇ? ಎಲ್ಲಿಯ ಮಾತು ಸ್ವಾಮಿ! 2009ರ ಲೋಕಸಭಾ ಚುನಾವಣೆಯಲ್ಲಿ ಅಭ್ಯರ್ಥಿಗಳಿಂದ ದುಡ್ಡು ಪಡೆದು ಹೊಗಳಿಕೆಯನ್ನೇ ಸುದ್ದಿಯೆಂದು ಅಚ್ಚು ಹಾಕಿದ ಪತ್ರಿಕೆಗಳ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯ ಇಬ್ಬರು ಸದಸ್ಯರು ವರದಿ ಬರೆದರು. ಮಂಡಳಿಯೇ ಅದನ್ನು ಪೂರ್ತಿ ಪ್ರಕಟಿಸಲಿಲ್ಲ. ಕೇಂದ್ರ ಮಾಹಿತಿ ಆಯೋಗ ಆದೇಶ ಮಾಡಿದ ಮೇಲೆ 2011ರಲ್ಲಿ ಹೊರಬಂತು. ಅದೇ ವರ್ಷ ಉತ್ತರ ಪ್ರದೇಶದ ಬಿಸೌಲಿಯ ಶಾಸಕಿಯೊಬ್ಬರನ್ನು ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಿತು. ಪತ್ರಿಕೆಯಲ್ಲಿ ದುಡ್ಡು ಕೊಟ್ಟು ಹಾಕಿಸಿದ ಸುದ್ದಿಯ ಖರ್ಚನ್ನು ಲೆಕ್ಕದಲ್ಲಿ ತೋರಿಸಿರಲಿಲ್ಲ ಎಂಬುದು ಕಾರಣ. ಶಾಸಕಿಯ ಸ್ಥಾನ ಹೋಯಿತು, ಸರಿ. ದುಡ್ಡು ತೆಗೆದುಕೊಂಡವರು?

ಈಗ ನಮ್ಮ ಮನೆಯ ಮಾತಿಗೆ ಬನ್ನಿ. ಏಜೆನ್ಸಿಗಳ ಪತ್ರಿಕಾ ಪ್ರಕಟಣೆ ನನ್ನ ಕಂಪ್ಯೂಟರಿಗೂ ಬರುತ್ತದೆ. ಮೊದಲು ಇಂಗ್ಲಿಷಿನಲ್ಲಿ ಬರೆದು, ಕೊನೆ ಗಳಿಗೆಯಲ್ಲಿ ಯಾರ ಕೈಲೋ ಕನ್ನಡ ಮಾಡಿಸಿದ್ದು. "ನಾವು ಘೋಷಿಸಲು ರೋಮಾಂಚಿತರಾಗಿದ್ದೇವೆ" ಅಂತೆ! ಯಾವ ತಾಯಿ ಹೀಗೆ ಮಾತಾಡುತ್ತಾಳೆ? ಅದಕ್ಕಿಂತ ಕೆಟ್ಟದ್ದು, ಆ ಕಾಗದವೇ ಮಾರನೇ ದಿನ ಕೆಲವು ಪತ್ರಿಕೆಗಳಲ್ಲಿ ಒಂದಕ್ಷರ ಬದಲಾಗದೆ "ನಮ್ಮ ಪ್ರತಿನಿಧಿಯಿಂದ" ಎಂದು ಬರುತ್ತದೆ. ಬರೆದವನು ಕಂಪನಿಯವನು, ಹೆಸರು ಪತ್ರಿಕೆಯದು. ಓದುವ ಕನ್ನಡಿಗನಿಗೆ ಎರಡೆರಡು ಮೋಸ: ಭಾಷೆಯಲ್ಲೊಂದು, ಹೆಸರಿನಲ್ಲೊಂದು. ನೀವು ಅಂಥ ಕಡೆ ಸೇರಿದರೆ ಕನ್ನಡದಲ್ಲೇ ಯೋಚಿಸಿ, ಕನ್ನಡದಲ್ಲೇ ಬರೆಯಿರಿ, ಕಂಪನಿಯ ಹೆಸರಲ್ಲೇ ಕಳಿಸಿ. ಆ ಕುರ್ಚಿಯಲ್ಲಿ ಕನ್ನಡ ಬಲ್ಲವರು ಕೂರಬೇಕು ಎಂದು ಹೋರಾಡುವವರು ನಾವೇ ಅಲ್ಲವೇ? ಕೂತ ಮೇಲೆ ಕನ್ನಡಿಗರಿಗೇ ಟೋಪಿ ಹಾಕಿದರೆ ಹೋರಾಡಿದ್ದು ಯಾತಕ್ಕೆ?

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮಲ್ಲೇ ಎಷ್ಟೋ ಜನ ನಾಡು-ನುಡಿಯ ಹೆಸರಲ್ಲಿ ಇನ್‌ಸ್ಟಾಗ್ರಾಮ್ ಪೇಜ್ ಕಟ್ಟಿದ್ದೀರಿ. ಬಾವುಟದ ಚಿತ್ರ ನೋಡಿ ಜನ ಸೇರಿದ್ದಾರೆ. ಆಮೇಲೆ ಒಂದು ಸಿನಿಮಾ, ಒಂದು ಸೈಟು, ಒಂದು ಸಾಲದ ಆ್ಯಪ್. ದುಡ್ಡು ಬಂದಿದೆ, ಆದರೆ "ಇದು ಜಾಹೀರಾತು" ಎಂಬ ಎರಡು ಪದ ಮಾತ್ರ ಇಲ್ಲ. ದುಡ್ಡು ಪಡೆದಿದ್ದರೆ ಹೇಳಲೇಬೇಕು ಎಂದು 2022ರಲ್ಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ನಿಯಮ ಮಾಡಿದೆ. ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡವಿದೆ. ದಂಡ ಹಾಗಿರಲಿ. ಕನ್ನಡದ ಮೇಲಿನ ಪ್ರೀತಿಗೆ ಬಂದ ಜನರನ್ನು ಅವರಿಗೇ ತಿಳಿಸದೆ ಇನ್ನೊಬ್ಬನಿಗೆ ಮಾರುವುದು ಯಾವ ಹೋರಾಟ?

ಹಾಗಾದರೆ ಪತ್ರಿಕೆಯೋ ಪಿಆರೋ? ಯಾವುದಕ್ಕಾದರೂ ಹೋಗಿ. ಹೋಗುವ ಮೊದಲು ಎರಡೇ ಪ್ರಶ್ನೆ ಕೇಳಿಕೊಳ್ಳಿ. ಒಂದು, ಈ ಮಾತಿಗೆ ದುಡ್ಡು ಕೊಟ್ಟವನ ಹೆಸರನ್ನು ಅಡಿಯಲ್ಲಿ ಹಾಕಬಹುದೇ? ಎರಡು, ಓದುವವನಿಗೆ ಹಾನಿಯಾಗುವಂಥದ್ದು ನನಗೆ ಗೊತ್ತಿದ್ದೂ ಮುಚ್ಚಿಡುತ್ತಿದ್ದೇನೆಯೇ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂದರೆ ಧೈರ್ಯವಾಗಿ ಮಾಡಿ. ಉತ್ತರ ಹೇಳಲು ನಾಲಿಗೆ ತಡವರಿಸಿದರೆ ಮಾಡಬೇಡಿ. ಸಂಬಳ ಎಷ್ಟೇ ಇರಲಿ.

ಆ ಹುಡುಗಿ ಪಿಆರ್ ಏಜೆನ್ಸಿಗೇ ಸೇರಿದಳು. ಅಪ್ಪನ ಸಾಲ ತೀರಬೇಕಲ್ಲ, ನಾನು ಬೇಡವೆನ್ನಲಿಲ್ಲ. ಹೋದ ವಾರ ಫೋನ್ ಮಾಡಿದಳು. ಗಿರಾಕಿ ಕಂಪನಿಯೊಂದನ್ನು ಹೊಗಳಿ, ಸಾಮಾನ್ಯ ಓದುಗರಂತೆ ಬೇರೆ ಬೇರೆ ಹೆಸರಲ್ಲಿ ಪತ್ರಿಕೆಗಳಿಗೆ ಪತ್ರ ಬರೆಯಲು ಹೇಳಿದರಂತೆ. "ಕಂಪನಿ ಹೆಸರಲ್ಲಾದ್ರೆ ಇವತ್ತೇ ಬರ್ಕೊಡ್ತೀನಿ, ಇಲ್ಲದ ಹೆಸರಲ್ಲಿ ಬರೆಯಲ್ಲ ಅಂದೆ ಸಾರ್" ಎಂದಳು. ಆ ಕೆಲಸ ಪಕ್ಕದ ಮೇಜಿನವರಿಗೆ ಹೋಯಿತು. ಇವಳ ಮೇಲೆ ಮೇಲಿನವರಿಗೆ ಮುನಿಸು. ಕೆಲಸ ಉಳಿಯುತ್ತದೋ ಇಲ್ಲವೋ ಅವಳಿಗೂ ಗೊತ್ತಿಲ್ಲ. ಇಪ್ಪತ್ತೆರಡು ವರ್ಷದ ಹುಡುಗಿ, ಸಾಲ ತಲೆ ಮೇಲಿದ್ದರೂ ಹೇಳಿದಳು. ಅವಳಿಗಿಂತ ದೊಡ್ಡವನಾಗಿದ್ದಾಗ, ಅವಳಷ್ಟೇ ಸಾಲವಿದ್ದಾಗ, ನನ್ನ ಬಾಯಲ್ಲಿ ಆ ಮಾತು ಬರಲಿಲ್ಲ.

ಈ ಪತ್ರಿಕೆಯ ಕೊನೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ: ಮುದ್ರಕರು, ಪ್ರಕಾಶಕರು, ಸಂಪಾದಕರು. ಯಾರೂ ಓದುವುದಿಲ್ಲ. ಇವತ್ತು ಓದಿ. ನಾಳೆ ನಿಮ್ಮ ಕೈಗೆ ಯಾವುದೇ ಕಾಗದ ಬರಲಿ, ಮೊಬೈಲಿಗೆ ಯಾವುದೇ ವಿಡಿಯೋ ಬರಲಿ, ಆ ಸಾಲನ್ನೇ ಮೊದಲು ಹುಡುಕಿ. ನೀವೇ ಬರೆಯುವ ದಿನ ಬಂದಾಗ, ಆ ಸಾಲನ್ನು ಅಳಿಸಬೇಡಿ.