ವರ್ಗಾವಣೆಯ ಋತು, ಶಾಲೆಯ ಆಯ್ಕೆ

ಮಾರ್ಚ್ ತಿಂಗಳ ಲೆಕ್ಕಪತ್ರಗಳು ಮುಗಿಯುತ್ತಿದ್ದಂತೆಯೇ ವರ್ಗಾವಣೆಯ ಆದೇಶಗಳು ಹೊರಬೀಳತೊಡಗುತ್ತವೆ. ಕೇಂದ್ರ ಸರ್ಕಾರದ ಕಛೇರಿಗಳು, ರೈಲ್ವೆ, ಬ್ಯಾಂಕು, ವಿಮಾ ಸಂಸ್ಥೆ, ರಕ್ಷಣಾ ಪಡೆಗಳಲ್ಲಿರುವ ಕನ್ನಡಿಗರಿಗೆ ಇದು ಹಳೆಯ ಅನುಭವ. ಈಗ ಮಾಹಿತಿ ತಂತ್ರಜ್ಞಾನದ ಉದ್ಯಮದಲ್ಲಿರುವ ತರುಣ ದಂಪತಿಗಳೂ ಬೆಂಗಳೂರಿನಿಂದ ಪುಣೆಗೆ, ಪುಣೆಯಿಂದ ಹೈದರಾಬಾದಿಗೆ, ಅಲ್ಲಿಂದ ಗುರುಗ್ರಾಮಕ್ಕೆ ಅದೇ ವೇಗದಲ್ಲಿ ಸಾಗುತ್ತಿದ್ದಾರೆ. ಆದೇಶ ಕೈಸೇರಿದ ಸಂಜೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಮಕ್ಕಳ ಶಾಲೆಯದು. ಹೊಸ ಊರಿನ ಕನ್ನಡ ಸಂಘವನ್ನು ಹುಡುಕಿಕೊಂಡು ಬರುವವರೂ ಮೊದಲು ಕೇಳುವುದು ಒಂದೇ ಮಾತು: "ಇಲ್ಲಿ ಒಳ್ಳೆಯ ಶಾಲೆ ಯಾವುದು?"

ಪ್ರಶ್ನೆ ಸಹಜವಾದುದೇ. ಆದರೆ ಅದು ಅಪೂರ್ಣ. ಯಾವ ಮಗುವಿಗೆ, ಯಾವ ಬಡಾವಣೆಯಿಂದ, ಎಷ್ಟು ವರ್ಷಗಳ ವಾಸಕ್ಕೆ ಎಂಬುದು ತಿಳಿಯದೆ ಒಳ್ಳೆಯ ಶಾಲೆ ಯಾವುದೆಂದು ಯಾರೂ ಹೇಳಲಾರರು. ನಮ್ಮಲ್ಲಿ ಬಹುಮಂದಿ ಮೊದಲು ಕಛೇರಿಗೆ ಅನುಕೂಲವಾದ ಮನೆ ಹಿಡಿಯುತ್ತಾರೆ, ಆಮೇಲೆ ಹೆಸರಾಂತ ಶಾಲೆಯೊಂದನ್ನು ಬೆನ್ನಟ್ಟುತ್ತಾರೆ. ಎರಡರ ನಡುವಿನ ದೂರವನ್ನು ಮಗು ಪ್ರತಿದಿನ ಬಸ್ಸಿನಲ್ಲಿ ಕುಳಿತು ತೀರಿಸಬೇಕಾಗುತ್ತದೆ. ಶಾಲೆಯನ್ನು ಮೊದಲು ಗೊತ್ತುಮಾಡಿಕೊಂಡು ಅದರ ಸಮೀಪ ಮನೆ ಹುಡುಕುವುದು ವಿವೇಕದ ಕ್ರಮ ಎಂಬುದು ನಮ್ಮ ಅಭಿಪ್ರಾಯ. ಆ ಆಯ್ಕೆಯ ಹೊತ್ತಿನಲ್ಲೇ ಮಗುವಿನ ಕನ್ನಡದ ಭವಿಷ್ಯವೂ ತೀರ್ಮಾನವಾಗುತ್ತದೆ ಎಂಬುದನ್ನು ಅದರೊಡನೆ ನೆನಪಿಸಬೇಕಾಗಿದೆ.

ರಾಜಧಾನಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ದೆಹಲಿ, ನೋಯ್ಡಾ, ಗುರುಗ್ರಾಮ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಶಾಲೆಯ ಮಟ್ಟಿಗೆ ಇವು ಮೂರು ಸರ್ಕಾರಗಳ ಆಡಳಿತಕ್ಕೆ ಸೇರಿದ ಮೂರು ಊರುಗಳು. ನೋಯ್ಡಾದಲ್ಲಿ ಬಾಡಿಗೆ ಕಡಿಮೆಯೆಂದು ಮನೆ ಹಿಡಿದವರಿಗೆ ಉತ್ತರ ಪ್ರದೇಶದ ನಿಯಮ, ದೆಹಲಿಯಲ್ಲೇ ಇದ್ದವರಿಗೆ ದೆಹಲಿಯ ನಿಯಮ. ದೆಹಲಿಯ ಖಾಸಗಿ ಶಾಲೆಗಳ ನರ್ಸರಿ ಪ್ರವೇಶಕ್ಕೆ 2007ರಿಂದ ಅಂಕಗಳ ಪದ್ಧತಿ ಬಂದಿತು. ಅದರಲ್ಲಿ ಮನೆಗೂ ಶಾಲೆಗೂ ಇರುವ ದೂರಕ್ಕೆ ಹೆಚ್ಚಿನ ತೂಕ. 2017ರ ಜನವರಿಯಲ್ಲಿ ದೆಹಲಿ ಸರ್ಕಾರವು ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಜಮೀನಿನಲ್ಲಿರುವ ಶಾಲೆಗಳು ನೆರೆಹೊರೆಯ ಮಕ್ಕಳಿಗೇ ಆದ್ಯತೆ ನೀಡಬೇಕೆಂದು ಆದೇಶಿಸಿತು. ಮರುತಿಂಗಳೇ ಉಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ಮಗು ನೆರೆಹೊರೆಗೆ ಸೇರಿದ್ದೋ, ತಂದೆತಾಯಿಗಳ ಆಯ್ಕೆಗೆ ಸೇರಿದ್ದೋ ಎಂಬ ವಾದ ಇನ್ನೂ ಮುಗಿದಿಲ್ಲ.

ಈ ವಾದದ ಮೂಲ ಹಿಂದಕ್ಕೆ ಹೋಗುತ್ತದೆ. 1964ರಿಂದ 1966ರವರೆಗೆ ಕಾರ್ಯ ನಡೆಸಿದ ಕೊಠಾರಿ ಆಯೋಗವು ನೆರೆಹೊರೆಯ ಶಾಲೆಯ ಕಲ್ಪನೆಯನ್ನು ದೇಶದ ಮುಂದಿಟ್ಟಿತು. ಒಂದು ಪ್ರದೇಶದ ಅಧಿಕಾರಿಯ ಮಗು, ಜವಾನನ ಮಗು, ಅಂಗಡಿಯವನ ಮಗು ಒಂದೇ ಶಾಲೆಯಲ್ಲಿ ಓದಬೇಕು, ಆಗ ಆ ಶಾಲೆ ಸುಧಾರಿಸುವುದರಲ್ಲಿ ಎಲ್ಲರಿಗೂ ಆಸಕ್ತಿ ಇರುತ್ತದೆ ಎಂಬುದು ಅದರ ತಿರುಳು. ಕಾಲಕ್ರಮದಲ್ಲಿ ನಡೆದುದು ತದ್ವಿರುದ್ಧ. ಶಾಲೆಗಳನ್ನು ಸಮಮಟ್ಟಕ್ಕೆ ತರುವ ಬದಲು ಅನುಕೂಲವಂತರು ಮನೆಗಳನ್ನೇ ಶಾಲೆಯ ಕಡೆಗೆ ಸರಿಸಿಕೊಂಡರು. ಅನುಕೂಲವಿಲ್ಲದವರು ಇದ್ದಲ್ಲೇ ಉಳಿದರು.

ಹಾಗೆಂದು ಕಾನೂನಿನ ನೆರವು ಇಲ್ಲವೇ ಇಲ್ಲವೆಂದಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಅದರ ಕೇಂದ್ರ ನಿಯಮಗಳು 1ರಿಂದ 5ನೇ ತರಗತಿಯವರೆಗಿನ ಮಗುವಿಗೆ 1 ಕಿಲೋಮೀಟರ್, 6ರಿಂದ 8ನೇ ತರಗತಿಯ ಮಗುವಿಗೆ 3 ಕಿಲೋಮೀಟರ್ ನಡೆದುಹೋಗುವ ದೂರದೊಳಗೆ ಶಾಲೆ ಇರಬೇಕೆನ್ನುತ್ತವೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ಮಗುವಿಗೆ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ಆ ಪತ್ರ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಇಲ್ಲೊಂದು ಮಿತಿಯಿದೆ. ಈ ವರ್ಗಾವಣೆಯ ಹಕ್ಕು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಮಾತ್ರ ಅನ್ವಯಿಸುತ್ತದೆ. ಕೇಂದ್ರೀಯ ವಿದ್ಯಾಲಯಗಳಲ್ಲಾಗಲಿ ಅನುದಾನರಹಿತ ಖಾಸಗಿ ಶಾಲೆಗಳಲ್ಲಾಗಲಿ ಈ ಕಲಮನ್ನು ತೋರಿಸಿ ಸ್ಥಾನ ಕೇಳಲಾಗದು.

ಕೇಂದ್ರ ನೌಕರರಿಗೆ ಕೇಂದ್ರೀಯ ವಿದ್ಯಾಲಯವೆಂಬ ಆಸರೆಯಿದೆ. 1963ರಲ್ಲಿ ಸೇನೆಯ 20 ರೆಜಿಮೆಂಟ್ ಶಾಲೆಗಳೊಡನೆ ಆರಂಭವಾದ ಈ ವ್ಯವಸ್ಥೆಯಲ್ಲಿ ಇಂದು 1,200ಕ್ಕೂ ಹೆಚ್ಚು ವಿದ್ಯಾಲಯಗಳಿವೆ. ಒಂದನೇ ತರಗತಿಯ ಪ್ರವೇಶದಲ್ಲಿ ಹಿಂದಿನ 7 ವರ್ಷಗಳಲ್ಲಿ ತಂದೆ ಅಥವಾ ತಾಯಿಗೆ ಆದ ವರ್ಗಾವಣೆಗಳ ಸಂಖ್ಯೆ ಗಣನೆಗೆ ಬರುತ್ತದೆ. ಒಮ್ಮೆ ಸೇರಿದ ಮಗು, ಪೋಷಕರಿಗೆ ವರ್ಗವಾದಾಗ, ಕೊಚ್ಚಿಯಿಂದ ಗುವಾಹಟಿಗೆ ಹೋದರೂ ಅದೇ ಪಠ್ಯ, ಅದೇ ಸಮವಸ್ತ್ರ, ಅದೇ ಪ್ರಾರ್ಥನೆಯ ನಡುವೆ ಓದು ಮುಂದುವರಿಸಬಹುದು. ಊರೂರು ಅಲೆಯುವ ಸಂಸಾರಕ್ಕೆ ಇದು ಸಣ್ಣ ಲಾಭವಲ್ಲ. ಈ ಸೌಲಭ್ಯ ಇಲ್ಲದವರು ಕನಿಷ್ಠ ಪರೀಕ್ಷಾ ಮಂಡಲಿಯನ್ನಾದರೂ ಬದಲಿಸದೆ ಸಾಗುವುದು ಲೇಸು. 9ನೇ ಮತ್ತು 11ನೇ ತರಗತಿಗಳಲ್ಲಿ ಸಿ.ಬಿ.ಎಸ್.ಇ. ಮಕ್ಕಳ ಹೆಸರನ್ನು ನೋಂದಾಯಿಸಿಕೊಳ್ಳುತ್ತದೆ. ಅನಂತರ 10 ಅಥವಾ 12ನೇ ತರಗತಿಯಲ್ಲಿ ಶಾಲೆ ಬದಲಿಸಬೇಕಾದರೆ ಸಕಾರಣ ತೋರಿಸಿ ಮಂಡಲಿಯ ಅನುಮತಿ ಪಡೆಯಬೇಕು. ಆದ್ದರಿಂದ 8ನೇ ತರಗತಿ ಮುಗಿಯುವ ಹೊತ್ತಿಗೆ ಮುಂದಿನ ನಾಲ್ಕು ವರ್ಷಗಳ ಚಿತ್ರ ಮನೆಯವರ ಕಣ್ಣಮುಂದೆ ಇರಬೇಕು. ಮುಂದೆ ಕರ್ನಾಟಕದಲ್ಲಿ ಇಂಜಿನಿಯರಿಂಗ್ ಓದಿಸುವ ಆಸೆಯುಳ್ಳವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸರ್ಕಾರಿ ಕೋಟಾದ ಅರ್ಹತೆಗೆ ರಾಜ್ಯದಲ್ಲಿ 7 ವರ್ಷ ಓದಿರಬೇಕೆಂಬುದು ಸಾಮಾನ್ಯ ನಿಯಮ. ಹೊರರಾಜ್ಯಗಳಲ್ಲಿ ಸೇವೆಯಲ್ಲಿರುವ ಕೆಲವು ವರ್ಗದವರ ಮಕ್ಕಳಿಗೆ ಪ್ರತ್ಯೇಕ ಕಲಮುಗಳಿವೆ. ಅವುಗಳನ್ನು ಪರೀಕ್ಷೆಯ ವರ್ಷದಲ್ಲಿ ಹುಡುಕುವ ಬದಲು ಮೊದಲೇ ಓದಿಟ್ಟುಕೊಳ್ಳುವುದು ಜಾಣತನ.

ಇನ್ನು ಭಾಷೆಯ ಮಾತು. ತಮಿಳುನಾಡಿನಲ್ಲಿ 2006ರಲ್ಲಿ, ಕರ್ನಾಟಕದಲ್ಲಿ 2015ರಲ್ಲಿ, ತೆಲಂಗಾಣದಲ್ಲಿ 2018ರಲ್ಲಿ, ಮಹಾರಾಷ್ಟ್ರದಲ್ಲಿ 2020ರಲ್ಲಿ ಆಯಾ ರಾಜ್ಯಭಾಷೆಯನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸುವ ಕಾಯಿದೆಗಳು ಬಂದಿವೆ. ಹೈದರಾಬಾದಿನಲ್ಲಿ ತೆಲುಗು ಕಲಿತ ಮಗು ಪುಣೆಗೆ ಬಂದು ಮರಾಠಿ ಕಲಿಯಬೇಕಾಗುತ್ತದೆ. ಇದರಿಂದ ತೊಂದರೆಯಾಯಿತೆಂದು ಗೊಣಗುವ ಪೋಷಕರಲ್ಲಿ ನಮ್ಮದೊಂದು ವಿನಂತಿ. ಬೆಂಗಳೂರಿಗೆ ಬಂದು ನೆಲೆಸಿದವರು ಕನ್ನಡ ಕಲಿಯಲಿ ಎಂದು ಆಗ್ರಹಿಸುವ ನಾವು, ನಮಗೆ ಅನ್ನವಿತ್ತ ನೆಲದ ನುಡಿಯನ್ನು ಹೊರೆಯೆಂದು ಭಾವಿಸುವುದು ಸಲ್ಲದು. ಮಗು ಬೀದಿಯಲ್ಲಿ ಆಡುವ ಭಾಷೆಯನ್ನೇ ಶಾಲೆಯಲ್ಲಿ ಓದುವುದರಿಂದ ಆ ಊರು ಅದರ ಊರಾಗುತ್ತದೆ.

ಹಾಗಾದರೆ ಕನ್ನಡಕ್ಕೆ ಎಡೆ ಎಲ್ಲಿ? ನೆರೆಯ ಸಮಾಜಗಳು ಈ ಪ್ರಶ್ನೆಗೆ ತಮ್ಮದೇ ಉತ್ತರ ಕಂಡುಕೊಂಡಿವೆ. ದೆಹಲಿಯ ತಮಿಳರ ಶಿಕ್ಷಣ ಸಂಸ್ಥೆ ನಗರದ ಬೇರೆಬೇರೆ ಭಾಗಗಳಲ್ಲಿ 7 ಶಾಲೆಗಳನ್ನು ನಡೆಸುತ್ತಿದೆ. ಕನ್ನಡಿಗರೂ ಸುಮ್ಮನಿರಲಿಲ್ಲ. ಲೋದಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆ, ಮುಂಬಯಿಯ ವಡಾಲಾದಲ್ಲಿರುವ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ, ಹೈದರಾಬಾದಿನ ನೃಪತುಂಗ ಶಾಲೆ ಇವೆಲ್ಲ ಹಿರಿಯರು ಕೈಯಿಂದ ಹಣ ಹಾಕಿ, ಮನೆಮನೆ ತಿರುಗಿ ಕಟ್ಟಿದ ಸಂಸ್ಥೆಗಳು. ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳ ಬೆಂಚಿನ ಮೇಲೆ ಕುಳಿತು ಕನ್ನಡದಲ್ಲಿ ಓದಿ ಮುಂದೆ ಬಂದ ಒಂದು ಪೀಳಿಗೆಯೇ ಮುಂಬಯಿಯಲ್ಲಿತ್ತು. ಇಂದು ಹೊರನಾಡಿನ ಕನ್ನಡ ತರಗತಿಗಳು ಬರಿದಾಗುತ್ತಿವೆ ಎಂದು ಪ್ರತಿ ರಾಜ್ಯೋತ್ಸವದ ವೇದಿಕೆಯಲ್ಲಿ ಮರುಗುತ್ತೇವೆ. ವೇದಿಕೆಯ ಮೇಲಿರುವವರ ಮಕ್ಕಳು, ಮೊಮ್ಮಕ್ಕಳು ಯಾವ ಶಾಲೆಯಲ್ಲಿದ್ದಾರೆ ಎಂಬ ಪ್ರಶ್ನೆಯನ್ನು ಸಭಿಕರು ಸೌಜನ್ಯದಿಂದ ಕೇಳುವುದಿಲ್ಲ.

ಮರುಕದಿಂದ ಶಾಲೆ ನಡೆಯದು. ಹಾಗೆಯೇ ಅಭಿಮಾನದ ಹೆಸರಿನಲ್ಲಿ ಐದು ವರ್ಷದ ಮಗುವನ್ನು ಇಪ್ಪತ್ತೈದು ಕಿಲೋಮೀಟರ್ ಬಸ್ಸಿನಲ್ಲಿ ಕಳುಹಿಸಿರೆಂದೂ ನಾವು ಹೇಳಲಾರೆವು. ಕನ್ನಡದ ಶಾಲೆಯೊಂದು ಮನೆಗೆ ಸಮೀಪದಲ್ಲಿದ್ದರೆ ಗಾಳಿಮಾತನ್ನು ನಂಬದೆ ಮೊದಲು ಅದನ್ನು ಹೊಕ್ಕು ನೋಡಿ ಎಂಬುದಷ್ಟೇ ನಮ್ಮ ಮನವಿ. ಅದಿಲ್ಲದ ಕಡೆಯೂ ದಾರಿಗಳಿವೆ. ಸಿ.ಬಿ.ಎಸ್.ಇ. ತನ್ನ ಭಾಷಾವಿಷಯಗಳಲ್ಲಿ ಕನ್ನಡವನ್ನು ಇರಿಸಿದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯೂ ಕನ್ನಡದ ಪರೀಕ್ಷೆ ನಡೆಸುತ್ತದೆ. ನಿಗದಿತ ಸಂಖ್ಯೆಯ ಮಕ್ಕಳು ಬಯಸಿದರೆ ಮಾತೃಭಾಷೆ ಕಲಿಸಲು ಅರೆಕಾಲಿಕ ಶಿಕ್ಷಕರನ್ನು ನೇಮಿಸಿಕೊಳ್ಳುವ ಅವಕಾಶ ಕೇಂದ್ರೀಯ ವಿದ್ಯಾಲಯಗಳ ನಿಯಮಗಳಲ್ಲಿದೆ. ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಅದಕ್ಕೂ ಮುನ್ನ, 1949ರಲ್ಲೇ, ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ತರಗತಿಯೊಂದರಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಒಬ್ಬ ಶಿಕ್ಷಕನನ್ನಾದರೂ ಕೊಡಬೇಕೆಂದು ಒಪ್ಪಿತ್ತು.

ಇವೆಲ್ಲ ಕಾಗದದ ಮೇಲಿನ ಅವಕಾಶಗಳು. ಕೇಳುವವರಿದ್ದರೆ ಮಾತ್ರ ಜೀವ ತಳೆಯುತ್ತವೆ. ಒಂದು ಮನೆಯವರು ಕೇಳಿದರೆ ಪ್ರಾಂಶುಪಾಲರು ನಕ್ಕು ಕಳುಹಿಸುತ್ತಾರೆ. ಇಪ್ಪತ್ತು ಮನೆಯವರು ಒಟ್ಟಾಗಿ ಬರೆದುಕೊಟ್ಟರೆ ಕಡತ ತೆರೆಯಲೇಬೇಕಾಗುತ್ತದೆ. 2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರವೊಂದರಲ್ಲೇ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ನಮ್ಮ ಕೊರತೆ ಸಂಖ್ಯೆಯದಲ್ಲ, ಯಾರು ಎಲ್ಲಿದ್ದಾರೆಂಬ ಅರಿವಿನದು. ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಹೇರಲಾಗದು, ಆಯ್ಕೆ ಪೋಷಕರದು ಎಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2014ರಲ್ಲಿ ಕರ್ನಾಟಕದ ಪ್ರಕರಣದಲ್ಲೇ ತೀರ್ಪಿತ್ತಿದೆ. ಆಯ್ಕೆ ನಮ್ಮದಾದ ಮೇಲೆ ಹೊಣೆಯೂ ನಮ್ಮದೇ.

ಶಾಲೆಯ ಅರ್ಜಿಯಲ್ಲಿ ಎರಡನೆಯ ಭಾಷೆ, ಮೂರನೆಯ ಭಾಷೆ ಎಂಬ ಎರಡು ಅಂಕಣಗಳಿರುತ್ತವೆ. ಶುಲ್ಕ, ಬಸ್ಸು, ಸಮವಸ್ತ್ರಗಳ ಗಡಿಬಿಡಿಯಲ್ಲಿ ಅವುಗಳನ್ನು ತುಂಬಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷದಲ್ಲಿ ಬಿಟ್ಟುಹೋದ ಕನ್ನಡವನ್ನು ಹತ್ತು ವರ್ಷಗಳ ಅನಂತರ ಮರಳಿ ತರುವುದು ಕಷ್ಟ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಅಜ್ಜಿಯ ಪತ್ರ ಓದಲಾರದ, ಊರಿನ ಬಸ್ಸಿನ ಫಲಕ ತಿಳಿಯದ ಮಕ್ಕಳು ನಮ್ಮ ನಡುವೆಯೇ ಬೆಳೆದು ದೊಡ್ಡವರಾಗಿದ್ದಾರೆ. ಅವರಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬಾರದು. ಮನೆಯ ಮಾತು ಮನೆಯಲ್ಲಿ ಉಳಿದೀತು. ಲಿಪಿ ಯಾರಾದರೂ ಕೂರಿಸಿಕೊಂಡು ಕಲಿಸದೆ ಬಾರದು.

ಶಾಲೆ ನೋಡಲು ಹೋಗುವವರಿಗೆ ಇನ್ನೂ ಕೆಲವು ಮಾತು. ಕಟ್ಟಡದ ಅಂದಕ್ಕಿಂತ ಒಂದು ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಕೇಳಿ. ಒಬ್ಬ ಶಿಕ್ಷಕನಿಗೆ ಪ್ರಾಥಮಿಕ ಹಂತದಲ್ಲಿ 30, ಹಿರಿಯ ಪ್ರಾಥಮಿಕದಲ್ಲಿ 35 ಮಕ್ಕಳು ಎಂಬುದು ಕಾಯಿದೆಯ ಅಳತೆ. ಶಿಕ್ಷಕರು ಎಷ್ಟು ವರ್ಷಗಳಿಂದ ಅಲ್ಲಿದ್ದಾರೆಂದು ವಿಚಾರಿಸಿ. ಶೌಚಾಲಯವನ್ನು ನೋಡಿ. ಬೆಳಗಿನ ಹೊತ್ತು ಆ ದಾರಿಯಲ್ಲಿ ಒಮ್ಮೆ ನೀವೇ ಪ್ರಯಾಣ ಮಾಡಿ. ವರ್ಷದ ನಡುವೆ ಬಂದ ಮಗುವನ್ನು ಹೇಗೆ ಸೇರಿಸಿಕೊಳ್ಳುತ್ತಾರೆಂಬುದನ್ನು ಅಲ್ಲಿ ಈಗಾಗಲೇ ಓದುತ್ತಿರುವ ಮಕ್ಕಳ ತಂದೆತಾಯಿಗಳಿಂದ ತಿಳಿಯಿರಿ. ಹಳೆಯ ಗೆಳೆಯರನ್ನು ಬಿಟ್ಟುಬಂದ ಮಗುವಿಗೆ ಹೆಸರಾಂತ ಶಾಲೆಗಿಂತ ಅಕ್ಕರೆಯ ಶಾಲೆ ಮುಖ್ಯ.

ಕನ್ನಡ ಸಂಘಗಳ ಕರ್ತವ್ಯವೂ ಇಲ್ಲಿದೆ. ಪ್ರತಿಯೊಂದು ಸಂಘವೂ ಬಡಾವಣೆವಾರು ಸದಸ್ಯರ ಪಟ್ಟಿಯಲ್ಲಿ ಮಕ್ಕಳ ತರಗತಿಯನ್ನೂ ನಮೂದಿಸಿಕೊಳ್ಳಲಿ. ಯಾವ ಶಾಲೆಯಲ್ಲಿ ಯಾವ ಭಾಷೆಗಳಿವೆ, ನಡುವರ್ಷದ ಪ್ರವೇಶ ಎಲ್ಲಿ ಸುಲಭ ಎಂಬ ವಿವರವನ್ನು ಪ್ರವೇಶದ ಕಾಲಕ್ಕೆ ಮುಂಚೆ ಅಚ್ಚುಮಾಡಿ ಹಂಚಲಿ. ಒಂದೇ ಶಾಲೆಯಲ್ಲಿರುವ ಕನ್ನಡದ ಮಕ್ಕಳ ಪೋಷಕರನ್ನು ಪರಸ್ಪರ ಪರಿಚಯಿಸಿ ಒಂದೇ ಅರ್ಜಿ ಬರೆಸಲಿ. ಭಾನುವಾರದ ಕನ್ನಡ ತರಗತಿಯನ್ನು ದೂರದ ಸಂಘಭವನದಲ್ಲಿ ಇಟ್ಟು ಮಕ್ಕಳಿಗಾಗಿ ಕಾಯುವುದಕ್ಕಿಂತ, ನಾಲ್ಕು ಕನ್ನಡದ ಮನೆಗಳಿರುವ ಬಡಾವಣೆಗೆ ಶಿಕ್ಷಕರನ್ನೇ ಕಳುಹಿಸುವುದು ಮೇಲು. ಒಂದು ಸಂಗೀತ ಸಂಜೆಗೆ ಆಗುವ ವೆಚ್ಚದಲ್ಲಿ ಇಂತಹ ಒಂದು ತರಗತಿ ವರ್ಷವಿಡೀ ನಡೆದೀತು.

ಈ ಪತ್ರಿಕೆಯಿಂದಲೇ ಇದನ್ನು ಆರಂಭಿಸಲು ಇಚ್ಛಿಸುತ್ತೇವೆ. ಓದುಗರು ತಮ್ಮ ಬಡಾವಣೆಯ ಹೆಸರು, ಮಕ್ಕಳ ತರಗತಿ, ಶಾಲೆಯಲ್ಲಿ ಲಭ್ಯವಿರುವ ಭಾಷೆಗಳು ಇಷ್ಟನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಊರುವಾರು ಪಟ್ಟಿಯನ್ನು ಪ್ರಕಟಿಸುತ್ತೇವೆ. ವರ್ಗಾವಣೆಯ ಆದೇಶ ಯಾರ ಮನೆಗೆ ಯಾವಾಗ ಬರುವುದೋ ಬಲ್ಲವರಿಲ್ಲ. ಬಂದಾಗ ಹೊಸ ಊರಿನಲ್ಲಿ ಕೈಗೆ ಸಿಗುವಂತೆ ಒಂದು ಪಟ್ಟಿಯಾದರೂ ಸಿದ್ಧವಿರಲಿ.