ನಾಲ್ಕು ವಾರದ ದಾಖಲೆ, ನೂರೆಂಬತ್ತು ದಿನದ ನಿಯಮ

ನಂಜನಗೂಡಿನಲ್ಲಾಗಲಿ ತಾಂಡವಪುರದಲ್ಲಾಗಲಿ, ಸಣ್ಣ ಕಾರ್ಖಾನೆಯೊಂದು ಲಿನಕ್ಸ್ ಸರ್ವರ್ ಇರಿಸಿಕೊಂಡಿದ್ದರೆ ಅದನ್ನು ಸ್ಥಾಪಿಸಿದವರು ಸಾಮಾನ್ಯವಾಗಿ ಹೊರಗಿನಿಂದ ಬಂದು ಹೋದವರು. ಯಂತ್ರ ನಿಲ್ಲದೆ ಓಡುತ್ತಿರುವುದೇ ಮಾಲೀಕರಿಗೆ ಸಮಾಧಾನ. ಆದರೆ ಕಾನೂನಿಗೆ ಅಷ್ಟು ಸಾಲದು.

ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು ಕಂಪನಿಗಳಿಗೂ ಅನ್ವಯಿಸುತ್ತವೆ. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಗಣಕದ ಲಾಗ್ ದಾಖಲೆಗಳನ್ನು 180 ದಿನ ಕಾಪಾಡಬೇಕು. ಸಣ್ಣ ಉದ್ದಿಮೆಗಳಿಗೆ ಕೊಟ್ಟ ಹೆಚ್ಚುವರಿ ಕಾಲಾವಕಾಶವೂ ಅದೇ ವರ್ಷದ ಸೆಪ್ಟೆಂಬರ್ 25ಕ್ಕೆ ಮುಗಿಯಿತು.

ತೊಡಕಿರುವುದು ಇಲ್ಲಿಯೇ. ಉಬುಂಟು, ರೆಡ್ ಹ್ಯಾಟ್ ಮೊದಲಾದ ಲಿನಕ್ಸ್‌ಗಳಲ್ಲಿ ಲಾಗ್‌ರೊಟೇಟ್ ಎಂಬ ಉಪಕರಣವು ಹಳೆಯ ದಾಖಲೆಗಳನ್ನು ವಾರಕ್ಕೊಮ್ಮೆ ಬದಿಗಿರಿಸಿ, ನಾಲ್ಕು ವಾರ ಮಾತ್ರ ಉಳಿಸಿ, ಮಿಕ್ಕದ್ದನ್ನು ಅಳಿಸುತ್ತದೆ. ಯಾರೂ ಕೈಹಚ್ಚದ ಸರ್ವರ್ ಹೀಗೆ ತನ್ನಷ್ಟಕ್ಕೆ ನಿಯಮ ಮುರಿಯುತ್ತಿರುತ್ತದೆ. ಸಂರಚನಾ ಕಡತದಲ್ಲಿ 4 ಎಂಬುದನ್ನು 26 ಎಂದು ತಿದ್ದಿದರೆ 182 ದಿನಗಳಾಗುತ್ತವೆ. ಪ್ರತ್ಯೇಕ ತಂತ್ರಾಂಶಗಳಿಗೆ ಬೇರೆ ಕಡತಗಳಿರುವುದರಿಂದ ಅವನ್ನೂ ತಿದ್ದಬೇಕು. ಡಿಸ್ಕ್‌ನಲ್ಲಿ ಜಾಗವಿದೆಯೇ ಎಂಬುದನ್ನು ಡಿಎಫ್ ಆದೇಶ ಒಂದೇ ಸಾಲಿನಲ್ಲಿ ತಿಳಿಸುತ್ತದೆ. ಇದಕ್ಕೆಲ್ಲ ಹೊಸ ಖರ್ಚೇನೂ ಇಲ್ಲ. ನೋಡುವವರು ಬೇಕು, ಅಷ್ಟೆ.

ಲೆಕ್ಕಪತ್ರಗಳ ವಿಷಯದಲ್ಲಿ ನಿಯಮ ಇನ್ನೂ ಬಿಗಿ. 2022ರ ಆಗಸ್ಟ್ ತಿದ್ದುಪಡಿಯ ಪ್ರಕಾರ ಕಂಪನಿಗಳು ವಿದ್ಯುನ್ಮಾನ ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿನಿತ್ಯ ಉಳಿಸಬೇಕು. ಕ್ರಾನ್ ಎಂಬ ವೇಳಾಪಾಲಕನಿಗೆ ಒಮ್ಮೆ ಬರೆದಿಟ್ಟರೆ ಪ್ರತಿ ರಾತ್ರಿ ಅದು ತಾನೇ ಆ ಕೆಲಸ ಮಾಡುತ್ತದೆ. ಆದರೆ ಮಾಡಿತೆಂದು ನಂಬುವುದು ಬೇರೆ, ತೆರೆದು ನೋಡುವುದು ಬೇರೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಜಾಗತಿಕ ಸಂಸ್ಥೆಯಲ್ಲಿ ಎಂಜಿನಿಯರೊಬ್ಬರು ತಪ್ಪು ಸರ್ವರ್‌ನ ದತ್ತಾಂಶ ಅಳಿಸಿದರು. ಆಗ ನಿತ್ಯದ ಬ್ಯಾಕಪ್ ಕಡತಗಳನ್ನು ಹುಡುಕಿದರೆ ಅವು ಇರಲೇ ಇಲ್ಲ! ಅದೃಷ್ಟಕ್ಕೆ ಕೆಲವು ಗಂಟೆಗಳ ಮುಂಚೆ ಬೇರೊಂದು ಉದ್ದೇಶಕ್ಕೆ ತೆಗೆದಿದ್ದ ಪ್ರತಿಯೊಂದು ಸಿಕ್ಕಿತು. ಅಷ್ಟು ದೊಡ್ಡ ಸಂಸ್ಥೆಗೇ ಹಾಗಾದರೆ ಸಣ್ಣ ಕಾರ್ಖಾನೆಯ ಪಾಡೇನು?

ತಿಂಗಳಿಗೊಮ್ಮೆ ದೂರವಾಣಿಯಲ್ಲಿ ಸಿಗುವ ತಂತ್ರಜ್ಞರನ್ನೇ ನೆಚ್ಚಿ 6 ಗಂಟೆಗಳ ಗಡುವು ಪಾಲಿಸುವುದು ಕಷ್ಟ. ದೇವನೂರಿನಂತಹ ಊರುಗಳಿಂದ ಡಿಪ್ಲೊಮಾ ಮುಗಿಸಿ ಬರುವ ಯುವಕ ಯುವತಿಯರಿಗೆ ಈ ಹತ್ತಾರು ಆದೇಶಗಳನ್ನು ಕಲಿಸುವುದು ಅಸಾಧ್ಯವೇನಲ್ಲ. ಉದ್ದಿಮೆದಾರರ ಸಂಘಗಳು ಒಂದೆರಡು ದಿನದ ತರಬೇತಿ ಏರ್ಪಡಿಸಲಿ. ವಾರಕ್ಕೊಂದು ಗಂಟೆ ಬ್ಯಾಕಪ್‌ನಿಂದ ಒಂದು ಕಡತವನ್ನು ಹೊರತೆಗೆದು ಪರೀಕ್ಷಿಸುವ ಹೊಣೆಯನ್ನು ಮಾಲೀಕರು ಕಚೇರಿಯ ಒಬ್ಬರ ಹೆಸರಿಗೆ ಲಿಖಿತವಾಗಿ ವಹಿಸಲಿ.