ಮನೆಬಾಗಿಲಿಗೆ ಇನ್ನೂ ಬಾರದ ಮದ್ದು

ವಿಜ್ಞಾನವು ದಿನಕ್ಕೊಂದು ಹೊಸ ಸಾಧನವನ್ನು ಹುಟ್ಟಿಸುತ್ತಿರುವ ಈ ಕಾಲದಲ್ಲಿ ಹುಡುಗಿಯರಿಗೆ ಏನು ಕಲಿಸುತ್ತೀರಿ ಎಂದು ಪೋಷಕರು ನಮ್ಮನ್ನು ಕೇಳುವದುಂಟು. ಪ್ರಶ್ನೆಯು ಯುಕ್ತವಾದದ್ದೇ. ಆದರೆ ಹಾಗೆ ಕೇಳುವವರಲ್ಲಿ ಅನೇಕರು, ಒಂದು ಸಾಧನವು ಹುಟ್ಟಿದ ದಿನವೇ ಲೋಕಕ್ಕೆಲ್ಲ ದೊರೆತಂತಾಯಿತೆಂದು ಭಾವಿಸಿರುವಂತೆ ತೋರುತ್ತದೆ. ಪ್ರಯೋಗಶಾಲೆಗೂ ಕಾಡಂಚಿನ ಗುಡಿಸಲಿಗೂ ನಡುವೆ ಇರುವ ದಾರಿಯ ಉದ್ದವನ್ನು ಎಣಿಸುವವರು ಕಡಿಮೆ. ಹಲವು ಸಾಧನಗಳನ್ನು ಹೆಸರಿಸಿ ವಾಚಕರನ್ನು ಬೆರಗುಗೊಳಿಸುವದಕ್ಕಿಂತ ಒಂದನ್ನೇ ತೆಗೆದುಕೊಂಡು ಆ ದಾರಿಯನ್ನು ನೋಡುವದು ಲೇಸೆಂದು ನಾವು ಎಣಿಸುತ್ತೇವೆ.

ರಕ್ತದ ಕೆಂಪು ಕಣಗಳು ಸ್ವಭಾವತಃ ದುಂಡಗೂ ಮೆತ್ತಗೂ ಇರುತ್ತವೆ. ಕೆಲವರಲ್ಲಿ ಅವು ಕುಡುಗೋಲಿನಂತೆ ಬಾಗಿ, ಬಿರುಸಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಸಹಿಸಲಾರದ ನೋವನ್ನು ತರುತ್ತವೆ. ಇದನ್ನು ಸಿಕಲ್ ಸೆಲ್ ರೋಗವೆನ್ನುತ್ತಾರೆ. 1910ರಲ್ಲಿ ಷಿಕಾಗೋ ನಗರದ ವೈದ್ಯರಾದ ಹೆರಿಕ್ ಎಂಬವರು ಇಂಥ ಕಣಗಳನ್ನು ವರ್ಣಿಸಿದರು. 1949ರಲ್ಲಿ ಪಾಲಿಂಗ್ ಮತ್ತು ಅವರ ಸಂಗಡಿಗರು, ದೋಷವು ಹಿಮೋಗ್ಲೋಬಿನ್ನಿನ ಅಣುವಿನಲ್ಲಿಯೇ ಇರುವದೆಂದು ತೋರಿಸಿದರು. 1952ರಲ್ಲಿ ನೀಲಗಿರಿಯ ಗುಡ್ಡಗಾಡಿನವರಲ್ಲಿ ಇದು ಕಂಡುಬಂದಿತು. ನಮ್ಮ ನಾಡಿನಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಇದನ್ನು ಅನುಭವಿಸಿ ಬಲ್ಲರು. ಆದುದರಿಂದ ಇದು ದೂರದೇಶದವರ ಸಂಗತಿಯೆಂದು ಯಾರೂ ಎಣಿಸಬಾರದು.

ಈ ರೋಗಕ್ಕೆ ಈಗ ಒಂದು ಹೊಸ ಚಿಕಿತ್ಸೆಯು ಹುಟ್ಟಿದೆ. ಜೀವಕಣದೊಳಗಿನ ವಂಶಲಿಪಿಯನ್ನು ಬೇಕಾದ ಸ್ಥಳದಲ್ಲಿ ಕತ್ತರಿಸಬಲ್ಲ ಕ್ರಿಸ್ಪರ್ ಎಂಬ ಉಪಾಯವನ್ನು ಎಮಾನ್ಯುಯೆಲ್ ಶಾರ್ಪಾಂಟಿಯೆ, ಜೆನಿಫರ್ ಡೌಡ್ನ ಎಂಬ ಇಬ್ಬರು ವಿದುಷಿಯರು 2012ರಲ್ಲಿ ಪ್ರಕಟಿಸಿದರು. 2020ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ಅವರಿಬ್ಬರಿಗೇ ಸಂದಿತು. ಒಬ್ಬ ಗಂಡಸೂ ಪಾಲುಗಾರನಾಗಿರಲಿಲ್ಲವೆಂಬುದನ್ನು ನಾವು ತರಗತಿಯಲ್ಲಿ ಎರಡು ಸಾರಿ ಹೇಳುವದುಂಟು, ವಾಚಕರು ಕ್ಷಮಿಸಬೇಕು. ಹಸುಗೂಸು ಗರ್ಭದಲ್ಲಿರುವಾಗ ಅದರ ರಕ್ತದಲ್ಲಿ ಬೇರೊಂದು ಬಗೆಯ ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಮೇಲೆ ಅದು ಕ್ರಮೇಣ ನಿಂತುಹೋಗುತ್ತದೆ. ರೋಗಿಯ ಮೂಲಕಣಗಳನ್ನು ಹೊರತೆಗೆದು, ಆ ನಿಲುಗಡೆಯನ್ನು ಕ್ರಿಸ್ಪರಿನಿಂದ ಬಿಡಿಸಿ, ಪುನಃ ಶರೀರಕ್ಕೆ ಸೇರಿಸಿದರೆ ಕಣಗಳು ಕುಡುಗೋಲಾಗುವದು ತಪ್ಪುತ್ತದೆ. 2019ರಲ್ಲಿ ಅಮೆರಿಕದಲ್ಲಿ ವಿಕ್ಟೋರಿಯಾ ಗ್ರೇ ಎಂಬ ನಾಲ್ಕು ಮಕ್ಕಳ ತಾಯಿಯು ಇದನ್ನು ಪಡೆದು ನೋವಿನಿಂದ ಬಿಡುಗಡೆ ಹೊಂದಿದಳು. 2023ರ ನವೆಂಬರಿನಲ್ಲಿ ಬ್ರಿಟನ್ನೂ ಡಿಸೆಂಬರಿನಲ್ಲಿ ಅಮೆರಿಕವೂ ಇದಕ್ಕೆ ಅನುಮತಿಯಿತ್ತವು.

ಆದರೆ ಅಮೆರಿಕದಲ್ಲಿ ಇದಕ್ಕೆ ಗೊತ್ತುಮಾಡಿದ ಬೆಲೆ 22 ಲಕ್ಷ ಡಾಲರು! ಹಣವೊಂದೇ ಅಡ್ಡಿಯೂ ಅಲ್ಲ. ಹೊಸ ಕಣಗಳಿಗೆ ಸ್ಥಳಮಾಡುವದಕ್ಕೋಸ್ಕರ ಮಜ್ಜೆಯೊಳಗಿನ ಹಳೆಯ ಕಣಗಳನ್ನು ಉಗ್ರವಾದ ಔಷಧದಿಂದ ನಾಶಮಾಡಬೇಕು, ವಾರಗಟ್ಟಲೆ ಆಸ್ಪತ್ರೆಯಲ್ಲಿರಬೇಕು, ಆ ಔಷಧದಿಂದ ಸಂತಾನಶಕ್ತಿಗೆ ಕುಂದು ಬರುವ ಭಯವೂ ಉಂಟು. ಹದಿನೈದು ವರ್ಷದ ಹುಡುಗಿಯ ತಾಯಿಗೆ ಇದು ಸಣ್ಣ ಮಾತೇ? ನಮ್ಮ ದೇಶದ ವಿಜ್ಞಾನಿಗಳೂ ಸುಮ್ಮನಿಲ್ಲ. ದಿಲ್ಲಿಯ ಸರಕಾರಿ ಸಂಶೋಧನಾಲಯದವರು ಸಿದ್ಧಪಡಿಸಿದ ಇಂಥ ಚಿಕಿತ್ಸೆಯೊಂದನ್ನು 2025ರ ನವೆಂಬರಿನಲ್ಲಿ ಬಿರ್ಸಾ ಮುಂಡರ ಹೆಸರಿಟ್ಟು ಪ್ರಕಟಿಸಿದ್ದಾರೆ. ಹೆಸರು ಉಚಿತವಾದದ್ದು. ಬೆಲೆಯೂ ಆ ಹೆಸರಿಗೆ ತಕ್ಕಂತಿರಲೆಂದು ನಾವು ಹಾರೈಸುತ್ತೇವೆ.

ಹಾಗಾದರೆ ಅಗ್ಗದ ಚಿಕಿತ್ಸೆ ಬರುವ ತನಕ ಕಾದಿರೋಣವೆಂದು ಕೆಲವರು ಹೇಳುತ್ತಾರೆ. ಇದನ್ನು ನಾವು ಒಪ್ಪುವದಿಲ್ಲ. ಯಾಕಂದರೆ ಹಳೆಯ ಮದ್ದುಗಳೇ ಇನ್ನೂ ತಮ್ಮ ಪ್ರಯಾಣವನ್ನು ಮುಗಿಸಿಲ್ಲ. 1986ರಲ್ಲಿ ಮೆರಿಲಿನ್ ಗ್ಯಾಸ್ಟನ್ ಎಂಬ ವೈದ್ಯೆಯೂ ಅವರ ಜೊತೆಗಾರರೂ ಈ ರೋಗದ ಎಳೆಮಕ್ಕಳಿಗೆ ದಿನಕ್ಕೆರಡು ಸಾರಿ ಪೆನಿಸಿಲಿನ್ ಕೊಟ್ಟು, ಪ್ರಾಣಾಂತಿಕವಾದ ಸೋಂಕು ನೂರಕ್ಕೆ 84ರಷ್ಟು ಕಡಿಮೆಯಾದದ್ದನ್ನು ತೋರಿಸಿದರು. ಪೆನಿಸಿಲಿನ್ ಅಂಥ ಸಾಮಾನ್ಯವಾದ ಔಷಧ! ನೋವಿನ ಸರದಿಗಳನ್ನು ಕಡಿಮೆಮಾಡುವ ಹೈಡ್ರಾಕ್ಸಿಯೂರಿಯಾ ಎಂಬ ಗುಳಿಗೆಗೆ 1998ರಲ್ಲಿಯೇ ಅಮೆರಿಕದಲ್ಲಿ ಅನುಮತಿ ದೊರೆತಿತ್ತು. ಇವು ಕೈಗೆಟುಕುವ ಮದ್ದುಗಳು. ಆದರೆ ಮಗುವಿಗೆ ರೋಗವುಂಟೆಂದು ಮೊದಲು ತಿಳಿಯಬೇಕು, ತಿಳಿಯಬೇಕಾದರೆ ರಕ್ತವನ್ನು ಪರೀಕ್ಷಿಸಬೇಕು, ಪರೀಕ್ಷಿಸಬೇಕಾದರೆ ಯಾರಾದರೂ ಬೆಟ್ಟವನ್ನು ಹತ್ತಿ ಹೋಗಬೇಕು, ಹೋದವರು ಆ ತಾಯಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಈ ಕೆಲಸಕ್ಕೆ ಯಾವ ಬಹುಮಾನವೂ ಇಲ್ಲ. ಹೊಸದನ್ನು ಕಂಡುಹಿಡಿಯುವವರಿಗೆ ಸಲ್ಲುವ ಗೌರವದ ನೂರನೆಯ ಒಂದು ಪಾಲಾದರೂ ಅದನ್ನು ಹೊತ್ತು ತಲಪಿಸುವ ದಾದಿಗೆ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಭಾರತ ಸರಕಾರವು ಈ ರೋಗದ ನಿರ್ಮೂಲನೆಗೆ ಒಂದು ಕಾರ್ಯವನ್ನು ಆರಂಭಿಸಿತು. 40 ವರ್ಷದೊಳಗಿನ 7 ಕೋಟಿ ಜನರ ರಕ್ತವನ್ನು ಪರೀಕ್ಷಿಸಿ, ಅವರವರ ಸ್ಥಿತಿಯನ್ನು ಬರೆದ ಚೀಟಿಯನ್ನು ಕೊಡುವದೂ ಅದರಲ್ಲಿ ಸೇರಿದೆ. ಕಾರ್ಯವನ್ನು ನಾವು ಮನಃಪೂರ್ವಕವಾಗಿ ಮೆಚ್ಚುತ್ತೇವೆ. ಆದರೆ ಆ ಚೀಟಿಯ ವಿಷಯದಲ್ಲಿ ನಮ್ಮ ಮನಸ್ಸಿಗೆ ಸಮಾಧಾನವಿಲ್ಲ. ದೋಷದ ಒಂದು ಪಾಲನ್ನು ಮಾತ್ರ ಪಡೆದವರು ವಾಹಕರು. ಅವರು ಸಾಮಾನ್ಯವಾಗಿ ಎಲ್ಲರಂತೆ ಆರೋಗ್ಯದಿಂದಿರುತ್ತಾರೆ. ತಂದೆ ತಾಯಿ ಇಬ್ಬರೂ ವಾಹಕರಾದಾಗ ಮಾತ್ರ, ಪ್ರತಿಯೊಂದು ಹೆರಿಗೆಯಲ್ಲಿಯೂ ಮಗುವಿಗೆ ರೋಗ ಬರುವ ಸಂಭವವು ನಾಲ್ಕರಲ್ಲಿ ಒಂದು. ತಂದೆಯಿಂದ ಒಂದು ಪಾಲು, ತಾಯಿಯಿಂದ ಒಂದು ಪಾಲು. ಪ್ರಕೃತಿಯ ಲೆಕ್ಕದಲ್ಲಿ ಪಕ್ಷಪಾತವಿಲ್ಲ. ಮನುಷ್ಯರ ಲೆಕ್ಕದಲ್ಲಿಯಾದರೋ? ಗಂಡಿನ ಚೀಟಿಯನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಹೆಣ್ಣಿನ ಚೀಟಿಯನ್ನು ಮಾತ್ರ ಕೇಳುವ ಬೀಗರು ನಮ್ಮಲ್ಲಿ ಇರಲಾರರೆಂದು ಯಾರು ಧೈರ್ಯವಾಗಿ ಹೇಳಬಲ್ಲರು? ಗಂಡುಮಗು ಹುಟ್ಟದಿದ್ದಾಗ ತಾಯಿಯನ್ನೇ ದೂರುವ ಮನೆಗಳನ್ನು ನಾವೆಲ್ಲರೂ ಕಂಡಿದ್ದೇವೆ. ಚಿಕಿತ್ಸೆಯು ತಲಪುವದಕ್ಕೆ ಮುಂಚೆ ಕಳಂಕವು ತಲಪಿದರೆ, ಆ ಹುಡುಗಿಯ ಪಾಲಿಗೆ ವಿಜ್ಞಾನವು ಉಪಕಾರವನ್ನಲ್ಲ, ಅಪಕಾರವನ್ನೇ ಮಾಡಿದಂತಾಗುವದು.

ಆದಕಾರಣ ವಂಶವಾಹಿಯ ಪಾಠವನ್ನು ಮೆಂಡೆಲನ ಬಟಾಣಿಗಿಡಗಳೊಂದಿಗೆ ಮುಗಿಸದೆ, ಈ ರೋಗದ ಲೆಕ್ಕವನ್ನು ಹುಡುಗಿಯರ ಕೈಯಿಂದಲೇ ಹಲಗೆಯ ಮೇಲೆ ಬರೆಯಿಸಬೇಕೆಂದು ನಾವು ಬಯಸುತ್ತೇವೆ. ಪರೀಕ್ಷೆಯಲ್ಲಿ ಅದು ಬರುವದೋ ಇಲ್ಲವೋ ಎಂದು ಪೋಷಕರು ಕೇಳಬಾರದಾಗಿ ವಿನಂತಿ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರಾಗಿಯೂ ರಕ್ತಪರೀಕ್ಷೆಯ ಕೆಲಸದಲ್ಲಿಯೂ ಇರುವವರು ಕೆಲವರುಂಟು. ಅವರು ಬಿಡುವಾದ ಒಂದು ಶನಿವಾರ ಮಧ್ಯಾಹ್ನ ಶಾಲೆಗೆ ಬಂದು, ಬೆರಳಿನಿಂದ ತೆಗೆದ ಒಂದು ಹನಿ ರಕ್ತವು ಏನೇನನ್ನು ಹೇಳುವದೆಂಬುದನ್ನು ಮೇಲಿನ ತರಗತಿಯವರಿಗೆ ವಿವರಿಸಿದರೆ ನಮಗೆ ಬಹು ಸಂತೋಷವಾಗುವದು. ಸೂಕ್ಷ್ಮದರ್ಶಕವು ಶಾಲೆಯಲ್ಲಿಯೇ ಇದೆ; ಮುಂಚಿತವಾಗಿ ಒಂದು ಕಾಗದ ಬರೆದರೆ ಸಾಕು.